ಕಾಟಾದ ಮೇಲೆ ನಿಂತ ಗಾಡಿ

ನಮ್ಮ ಊರಿನ ಮನೆಗಳ ಹೊಸ್ತಿಲು ತೆಗೆದಿಡುವಂಥದ್ದು. ಬೇರೆ ಊರುಗಳಿಂದ ಸೊಸೆಯರಾಗಿ ಬಂದವರು ಇದನ್ನು ಕಂಡು ಮೊದಲು ಗಾಬರಿಯಾಗುತ್ತಾರೆ. ನಾನೂ ಆಗಿದ್ದೆ. ಬಂದ ಮರುದಿನ ಹೊಸ್ತಿಲಿಗೆ ಅರಿಷಿಣ ಬಳಿದು, ಕುಂಕುಮವಿಟ್ಟು, ಕೈಮುಗಿದು ಏಳುವಷ್ಟರಲ್ಲಿ ನಮ್ಮ ಅತ್ತೆಯವರು, "ಪೂಜಿ ಮುಗೀತಿಲ್ಲೋ? ಈಗ ಅದನ್ನ ಕಿತ್ತು ಬಾಜೂಕ ಇಟ್ಟು, ಮತ್ತ ಕುಂಡ್ರಸು. ತಿಂಗಳಿಗೊಮ್ಮೆ ಸಡ್ಲ ಮಾಡದಿದ್ರ ಹೊತ್ತಿಗೆ ಕಿತ್ತು ಬರೂದಿಲ್ಲ" ಎಂದರು. ಹೊಸ್ತಿಲನ್ನು ಕೀಳುವುದೆಂದರೆ ಮನೆ ಮುರಿದಂತೆ ಎಂದು ನಂಬಿ ಬೆಳೆದವಳು ನಾನು. ಕಣ್ಣಲ್ಲಿ ನೀರು ಬಂತು. ಆದರೂ ಕಿತ್ತೆ. ಚೌಕಟ್ಟಿನ ಎರಡು ಸೀಳುಗಳಲ್ಲಿ ಜಾರಿ ಕೂರುವ ಸಾಗವಾನಿ ಹಲಗೆ, ಹಗುರಾಗಿ ಬಂತು.

ನಮ್ಮ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಕೈಯಲ್ಲಿ ಆಡಿದ ಒಂದು ವಸ್ತು ಭಾರವಾಗುತ್ತದೆ. ಯಾವುದೆಂದು ಮೊದಲೇ ಹೇಳಲು ಬರುವುದಿಲ್ಲ. ದರ್ಜಿಯ ಕತ್ತರಿ ಭಾರವಾದದ್ದುಂಟು, ಮಾಸ್ತರರೊಬ್ಬರ ಸೀಮೆಸುಣ್ಣದ ತುಂಡು ಭಾರವಾದದ್ದುಂಟು. ಜವಳಿ ಅಂಗಡಿಯ ಹಿರಿಯರ ಛತ್ರಿಯನ್ನು ಗೂಟಕ್ಕೆ ನೇತುಹಾಕಿದ್ದರಂತೆ. ಅವರ ಉಸಿರು ನಿಂತ ಮೇಲೆ ಅದು ಗೂಟವನ್ನೂ ಗೋಡೆಯನ್ನೂ ಸೇರಿಸಿಯೇ ಕೆಳಗಿಳಿಯಿತು. ಅಂದಿನಿಂದ ನಮ್ಮಲ್ಲಿ ವಯಸ್ಸಾದವರ ವಸ್ತುಗಳನ್ನು ಯಾರೂ ನೇತುಹಾಕುವುದಿಲ್ಲ. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದರೆ ಅವರ ಸಾಮಾನುಗಳ ಕೆಳಗೆ ಸದ್ದಿಲ್ಲದೆ ಗಿಡ್ಡ ಕಾಲಿನ ಮಣೆಗಳನ್ನು ಇಡುತ್ತ ಬರುವುದು ಪದ್ಧತಿ. ನಮ್ಮ ಅತ್ತೆಯವರು ಜ್ವರದಲ್ಲಿ ಮಲಗಿದಾಗ ನಾನು ಅವರ ಚಪ್ಪಲಿಗಳನ್ನು ಮಣೆಯ ಮೇಲಿಟ್ಟದ್ದನ್ನು ನೋಡಿ ನಕ್ಕುಬಿಟ್ಟರು. "ಇನ್ನೂ ಹೋಗಿಲ್ಲವ್ವಾ ನಾನು, ಇಲ್ಲೇ ಅದೀನಿ. ಚಪ್ಲಿ ಕೊಡು, ಹಿತ್ತಲಕ್ಕ ಹೋಗಬೇಕು."

ಭಾರವಾದದ್ದನ್ನು ಮನೆಯೊಳಗೆ ಬಿಟ್ಟರೆ ನೆಲ ಕುಸಿಯುತ್ತದೆ. ಅದಕ್ಕೆ ಮಠದ ಹಿಂದೆ, ಬೇವಿನ ಮರಗಳ ಕೆಳಗೆ, ದಪ್ಪ ಕಲ್ಲು ಹಾಸಿದ ಇಳಿಕಟ್ಟೆ ಇದೆ. ವಸ್ತು ಅಲ್ಲಿಗೆ ಹೋಗಿ ಕೂರುತ್ತದೆ. ಮನೆಯವರು ಸೋಮವಾರಕ್ಕೊಮ್ಮೆ ಹೋಗಿ ವಿಭೂತಿ ಹಚ್ಚಿ, ಎತ್ತಲು ಬರುತ್ತದೆಯೇ ಎಂದು ಒಂದು ಸಲ ನೋಡುತ್ತಾರೆ. ಬಂದ ದಿನ ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದು, ಗೋಧಿ ಹುಗ್ಗಿ ಮಾಡಿ ಓಣಿಗೆಲ್ಲ ಬಡಿಸುತ್ತಾರೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಮರಳುತ್ತವೆ. ಕೆಲವು ಮರಳುವುದೇ ಇಲ್ಲ.

ಹಿಂದಿನವರ ಕಾಲದಲ್ಲಿ ಈ ಕೆಲಸವನ್ನು ಎತ್ತುಗಳು, ಉರುಳುಗಂಬಗಳು ಮಾಡುತ್ತಿದ್ದವು. ಎತ್ತುಗಳು ಮೊಳಕಾಲೂರಿ ಬಿಡುತ್ತಿದ್ದುವಂತೆ. ಆಮೇಲೆ ಮೆಣಸಿನಕಾಯಿ ಸೊಸೈಟಿಯವರು ಉಗ್ರಾಣದಲ್ಲಿ ಚೀಲಗಳನ್ನು ಎತ್ತಿ ಒಟ್ಟಲು ಒಂದು ಫೋರ್ಕ್‌ಲಿಫ್ಟ್ ತರಿಸಿದರು. ಅದನ್ನು ನಡೆಸುವ ಕೆಲಸ ನಮ್ಮವರಿಗೆ ಸಿಕ್ಕಿತು. ಚೀಲ ಎತ್ತಲು ಬಂದ ಗಾಡಿ ಬರಬರುತ್ತ, ಹೊಸ್ತಿಲು ಕಿತ್ತ ಬಾಗಿಲುಗಳಿಂದ, ಊರಿನ ಮನೆಮನೆಯೊಳಗೂ ಹೋಗತೊಡಗಿತು.

ಅದು ಬಂದ ದಿನ ನನಗೆ ನಿನ್ನೆಯಂತೆ ನೆನಪಿದೆ. ಹಸಿರು ಬಣ್ಣ, ಮುಂದೆ ಎರಡು ಕಬ್ಬಿಣದ ತೋಳು, ಅವನ್ನು ಮೇಲೆ ಕೆಳಗೆ ಮಾಡುವ ಎತ್ತರದ ಕಂಬ, ದಪ್ಪ ಚೈನು. ಮಠದ ಅಜ್ಜಾರು ಬಂದು ತೆಂಗಿನಕಾಯಿ ಒಡೆದರು. ನಮ್ಮವರು ಸ್ನಾನ ಮಾಡಿ, ಹಣೆಯ ತುಂಬ ವಿಭೂತಿ ಧರಿಸಿ, ಮದುಮಗನ ಹಾಗೆ ಬಿಗಿದುಕೊಂಡು ಕೂತಿದ್ದರು. ಉಗ್ರಾಣವನ್ನು ಒಂದು ಸುತ್ತು ಹಾಕಿ ಸೀದಾ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, "ಬಾ, ಹತ್ತು" ಎಂದರು. ಮರದ ಹಲಗೆಯ ಮೇಲೆ ನನ್ನನ್ನು ಕೂರಿಸಿ ಮಾಳಿಗೆಗಿಂತ ಮೇಲಕ್ಕೆ ಎತ್ತಿದರು. ನಮ್ಮ ಮನೆಯ ಮಾಳಿಗೆಯನ್ನು ನಾನು ಮೊದಲ ಸಲ ಮೇಲಿಂದ ಕಂಡೆ. ಅಲ್ಲಿ ಯಾರದೋ ಗಾಳಿಪಟ ಬಿದ್ದಿತ್ತು, ಒಂದು ಬೆಕ್ಕು ಮಲಗಿತ್ತು. ಕೆರೆ ಇಷ್ಟು ಹತ್ತಿರವಿದೆಯೆಂದು ಅಂದೇ ಗೊತ್ತಾಯಿತು. ಕೆಳಗೆ ಅತ್ತೆಯವರು, "ಮನಿ ಸೊಸಿನ್ನ ಮೆಣಸಿನಕಾಯಿ ಚೀಲ ಮಾಡಿ ಎತ್ತತೀಯೇನೋ, ಖೋಡಿ! ಇಳಸು ಮೊದಲ!" ಎಂದು ಕೂಗುತ್ತಿದ್ದರು. ನಮ್ಮವರು ಇಳಿಸಲಿಲ್ಲ. "ಇನ್ನೂ ಸ್ವಲ್ಪ ನೋಡ್ಲಿ ತಡಿ, ಯವ್ವಾ" ಎಂದರು.

ಸತ್ತವರ ಮನೆಗೆ ಹೋಗುವಾಗ ಮಾತ್ರ ಅವರು ಬೇರೆ ಮನುಷ್ಯರಾಗುತ್ತಿದ್ದರು. ಹಾರ್ನ್ ಮುಟ್ಟುತ್ತಿರಲಿಲ್ಲ. ಚಪ್ಪಲಿಗಳನ್ನು ಓಣಿಯ ತುದಿಯಲ್ಲಿ ಬಿಟ್ಟು ಬರಿಗಾಲಿನಲ್ಲೇ ಗಾಡಿ ನಡೆಸುತ್ತಿದ್ದರು. ತೋಳುಗಳು ಮಣೆಯ ಕೆಳಗೆ ಹೋಗುವಾಗ ಆ ವಸ್ತುವಿನ ಜೊತೆ ಮಾತಾಡುತ್ತಿದ್ದರು. "ಬರ್ರಿ ಕಾಕಾ, ಹಗೂರಕ ಹೋಗೂಣು. ಅವಸರಿಲ್ಲ." ಮನೆಗೆ ಬಂದು ಮತ್ತೊಮ್ಮೆ ಸ್ನಾನ ಮಾಡಿ, ಲಿಂಗಪೂಜೆಗೆ ಕೂತು, ಆಮೇಲೆ ಊಟ. ರೊಟ್ಟಿ ಮುರಿಯುವಾಗ ಅಷ್ಟೇ ಹೇಳುತ್ತಿದ್ದರು: "ಭಾಳ ಭಾರ ಇದ್ರು. ಚಲೋ ಬಾಳ್ಯಾರ." ಒಮ್ಮೆ, ಊರೆಲ್ಲ ಬೈಯುತ್ತಿದ್ದ ಒಬ್ಬ ಮುದುಕನ ಊರುಗೋಲನ್ನು ಸಾಗಿಸಿ ಬಂದು, "ಗಾಡಿ ಹಿಂದಿನ ಗಾಲಿ ಎದ್ದು ನಿಂತಿತ್ತು ನೋಡು" ಎಂದರು.

ಗಾಡಿಗೆ ವಯಸ್ಸಾಯಿತು, ಬದಲಿಸಬೇಕು ಎನ್ನುವ ಮಾತು ಸೊಸೈಟಿಯ ಪ್ರತಿ ಮಹಾಸಭೆಯಲ್ಲೂ ಏಳುತ್ತಿತ್ತು. ಚೇರ್ಮನ್ ಈರಣಗೌಡರು ಎದ್ದು, "ಮಡಿವಾಳಪ್ಪಾ, ನಿನ್ನ ಗಾಡಿ ಮುದುಕ ಆತಲ್ಲೋ" ಎಂದರೆ ನಮ್ಮವರು, "ಮುದುಕ ಆದಾಂವ ನಾನ್ರೀ ಗೌಡ್ರ, ಅದಲ್ಲ. ನನ್ನ ಬದಲಿ ಮಾಡ್ರಿ" ಎನ್ನುತ್ತಿದ್ದರು. ಎಲ್ಲರೂ ನಕ್ಕು ಚಹಾ ಕುಡಿದು ಹೋಗುತ್ತಿದ್ದರು. ಹಾಗಾದರೆ ಯಾವಾಗ ಬದಲಿಸಬೇಕು ಎಂದು ನಾನೇ ಒಮ್ಮೆ ಕೇಳಿದ್ದೆ. "ಚೈನು ಸವದ್ರ ಹೊಸಾ ಚೈನು ಹಾಕಬಹುದು, ಗಾಲಿ ಹೋದ್ರ ಗಾಲಿ ಹಾಕಬಹುದು. ಆದ್ರ ತೋಳಿನ ಬಾಜೂಕ ಕೆಲಸ ಮಾಡಾಂವ ಕೆಲಸ ಬಿಟ್ಟು ಮ್ಯಾಲೆ ನೋಡಾಕ ಸುರು ಮಾಡಿದಾ ಅಂದ್ರ, ಆವತ್ತ ಬದಲಿ ಮಾಡ್ಬೇಕು. ಅಂಜಿಕೊಂಡು ದುಡಿಯೂದು ಚಲೋ ಅಲ್ಲ" ಎಂದಿದ್ದರು.

ಶ್ರಾವಣದ ಒಂದು ಮುಂಜಾನೆ ಪೂಜೆ ಮುಗಿಸಿ ಎದ್ದವರು ಗೋಡೆಗೆ ಒರಗಿ ಕೂತರು. ಹಾಲಿನ ಲೋಟ ಹಿಡಿದು ನಾನು ಅಡಿಗೆಮನೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣೆ ಇಡಲು ಹೊತ್ತೇ ಸಿಗಲಿಲ್ಲ. ಅವರನ್ನು ಮಣ್ಣು ಮಾಡಿ ಬಂದ ಮೇಲೆ ಅವರದೆನ್ನುವ ಎಲ್ಲವನ್ನೂ ಮಣೆಯ ಮೇಲೆ ಇಟ್ಟೆವು. ಬುತ್ತಿಡಬ್ಬಿ, ಕನ್ನಡಕ, ರುಮಾಲು, ಹಣಿಗೆ, ವಿಭೂತಿಯ ಗಟ್ಟಿ. ಒಂದೂ ಭಾರವಾಗಲಿಲ್ಲ. ನಮ್ಮವರ ತಂಗಿ ನೀಲಗಂಗಾ ಒಂದೊಂದನ್ನೇ ಎತ್ತಿ ನೋಡುತ್ತ ಬಂದಳು. ಕಡೆಗೆ ಅವರು ಚಹಾ ಕುಡಿಯುತ್ತಿದ್ದ ಗಾಜಿನ ಲೋಟವನ್ನು ಒಂದೇ ಬೆರಳಿನಲ್ಲಿ ಎತ್ತಿ ಬಂದವರಿಗೆಲ್ಲ ತೋರಿಸಿದಳು. "ನೋಡ್ರಿ, ಹೂವಿನಂಗ ಐತಿ. ನಮ್ಮಣ್ಣಗ ಅಳಾವರ ಇಲ್ಲದಂಗ ಆತು."

ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಭಾರ ಉಳಿದವರ ದುಃಖದ್ದು ಎನ್ನುವುದು ಎಲ್ಲರಿಗೂ ಗೊತ್ತು. ನಮಗೆ ಮಕ್ಕಳಿಲ್ಲ, ಅತ್ತೆಯವರೂ ಎಂದೋ ಹೋಗಿದ್ದರು, ಮನೆಯಲ್ಲಿ ಉಳಿದವಳು ನಾನೊಬ್ಬಳೇ. ನಾನು ಅತ್ತಿದ್ದೆ. ಆದರೆ ಸರಿಯಾಗಿ ಅತ್ತಿದ್ದೆನೋ ಇಲ್ಲವೋ ಎಂಬ ಸಂಶಯ ಹೊಕ್ಕಿತು. ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತಾಗ, ತಂದೆ, ನನ್ನ ದುಃಖ ಸುಳ್ಳೇ ಎಂದು ಕೇಳುತ್ತಿದ್ದೆ. ಎದ್ದ ಮೇಲೆ ಮನೆಯೆಲ್ಲ ತಿರುಗಿ ಬಾವಿಯ ಹಗ್ಗ, ಕಿಟಕಿಯ ಚಿಲಕ, ಅವರು ಕೂರುತ್ತಿದ್ದ ಕಂಬಳಿ, ಎಲ್ಲವನ್ನೂ ಮತ್ತೆ ಎತ್ತಿ ನೋಡುತ್ತಿದ್ದೆ. ಎಲ್ಲವೂ ಹಗುರಾಗಿ ಕೈಗೆ ಬರುತ್ತಿತ್ತು. ಬಂದಷ್ಟೂ ನನಗೆ ನಾಚಿಕೆ.

ಅತ್ತ ಉಗ್ರಾಣದಲ್ಲಿ ಗಾಡಿಯನ್ನು ಸೋಮಲಿಂಗನಿಗೆ ಒಪ್ಪಿಸಿದ್ದರು. ಅವನು ಮೊದಲು ಅಲ್ಲಿಯೇ ಹಮಾಲನಾಗಿದ್ದವನು, ಕೈಕಾಲು ಗಟ್ಟಿ, ಬಾಯಿ ಇನ್ನೂ ಗಟ್ಟಿ. ಅವನ ಕೈಗೆ ಬಂದಾಗಿನಿಂದ ಗಾಡಿ ಜಡವಾಯಿತು. ಚೀಲ ಎತ್ತಲು ನರಳುತ್ತಿತ್ತು, ಅಂಗಳದ ಮಣ್ಣಿನಲ್ಲಿ ಗಾಲಿ ಹೂತು ಹೋಗುತ್ತಿತ್ತು. ಚೈನು ಬದಲಿಸಿದರು, ಗಾಲಿ ಬದಲಿಸಿದರು, ಆಯಿಲ್ ಬದಲಿಸಿದರು. ಮೆಕ್ಯಾನಿಕ್ ದಾವಲಸಾಬ್ ಬಿಚ್ಚಿ ನೋಡಿ, "ಎಂಜಿನ್ ಬಂಗಾರ ಐತ್ರಿ. ಹಿಂಗ ಯಾಕ ಮಾಡ್ತೈತೋ ನನ್ನ ತಲಿಗೆ ಹತ್ತವಲ್ದು" ಎಂದು ಕೈ ಒರೆಸಿಕೊಂಡು ಹೋದ.

ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ಶರಣವ್ವನ ಅತ್ತೆ ತೀರಿಕೊಂಡರು. ಅತ್ತೆ ಸೊಸೆಯರ ಜಗಳ ಕೇಳದೆ ನಮ್ಮ ಓಣಿಗೆ ಬೆಳಕು ಹರಿದದ್ದೇ ಇಲ್ಲ. ಅವರು ಎಲೆ ಅಡಿಕೆ ಇಡುತ್ತಿದ್ದ ಚಂಚಿ, ಅಂಗೈಯಗಲದ ಬಟ್ಟೆಯ ಚೀಲ, ಅಡಿಗೆಮನೆಯ ಬಾಗಿಲಲ್ಲೇ ಭಾರವಾಗಿ ಕೂತಿತು. ಶರಣವ್ವ ಹೊಸ್ತಿಲು ಕಿತ್ತು ಕಾದಳು. ಗಾಡಿ ಓಣಿಯ ಬಾಯಿಯವರೆಗೆ ಬಂದು, ಕೂಗಿ, ಹೊಗೆ ಕಾರಿ, ಒಂದು ಮೊಳ ಹೂತು ನಿಂತಿತು. ಹಮಾಲರೆಲ್ಲ ಸೇರಿ ಹಿಂದಕ್ಕೆ ನೂಕಿದರು. ಚಂಚಿಯ ಕೆಳಗೆ ನೆಲ ಬಿರುಕು ಬಿಡತೊಡಗಿತು. ಶರಣವ್ವ ಒಲೆಯನ್ನು ಅಂಗಳಕ್ಕೆ ತಂದಳು. "ಇದ್ದಾಗ ಅಡಗಿಮನಿಯೊಳಗ ನಿಂದ್ರಾಕ ಬಿಡಲಿಲ್ಲ, ಹೋದ ಮ್ಯಾಲೂ ಬಿಡವಲ್ರು ನೋಡ್ರಿ" ಎಂದು ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಹೇಳಿದಳು.

ಗೌಡರು ಇನ್ನು ತಡಮಾಡುವುದು ಬೇಡವೆಂದು, ಹಳೆಯದನ್ನು ಗುಜರಿಗೆ ಕೊಟ್ಟು ಹೊಸದನ್ನು ತರಿಸಲು ತೀರ್ಮಾನಿಸಿದರು. ಗುಜರಿಯವರಿಗೆ ತೂಕ ಬೇಕು. ಸೊಸೈಟಿಯ ಅಂಗಳದಲ್ಲಿ ಚಕ್ಕಡಿ, ಲಾರಿಗಳನ್ನು ತೂಗುವ ಕಾಟಾ ಇದೆ. ರಸ್ತೆಗೆ ಮುಖ ಮಾಡಿ, ಗೋಡೆ ಗಡಿಯಾರದಂಥ ದೊಡ್ಡ ಬಿಲ್ಲೆ, ಅದರಲ್ಲಿ ಕೆಂಪು ಮುಳ್ಳು. ಅಂದು ನಾನು ನಮ್ಮವರ ಟವೆಲ್ಲು, ಸೋಪಿನ ಡಬ್ಬಿ ಅಲ್ಲಿಯೇ ಉಳಿದಿವೆ ಎಂದು ತರಲು ಹೋಗಿದ್ದೆ. ಸೋಮಲಿಂಗ ಹೇಗೋ ಮಾಡಿ ಗಾಡಿಯನ್ನು ಕಾಟಾದ ಮೇಲೆ ಹತ್ತಿಸಿದ. ಮುಳ್ಳು ಎದ್ದಿತು. ಲಾರಿಯ ತೂಕ ದಾಟಿತು, ಲೋಡು ತುಂಬಿದ ಲಾರಿಯ ತೂಕ ದಾಟಿತು, ಕಡೆಯ ಗೆರೆಯ ಹತ್ತಿರ ಹೋಗಿ ನಡುಗುತ್ತ ನಿಂತಿತು.

"ಕಾಟಾ ಕೆಟ್ಟೈತಿ" ಎಂದರು ಗೌಡರು.

ಹಳೆಯ ಹಮಾಲರಿಬ್ಬರು ರುಮಾಲು ತೆಗೆದು ಎದೆಗೆ ಹಿಡಿದರು. ಅದನ್ನು ನೋಡಿದ ಸೋಮಲಿಂಗ ಸೀಟಿನಿಂದ ಚಂಗನೆ ಕೆಳಗೆ ಹಾರಿ, "ಯಪ್ಪಾ! ಇಷ್ಟು ದಿನಾ ಅಣ್ಣಾರ ತೊಡಿ ಮ್ಯಾಲ ಕುಂತಂಗ ಆತಲ್ರೋ!" ಎಂದು ಗಲ್ಲ ಗಲ್ಲ ಬಡಿದುಕೊಂಡ.

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಸೂಜಿ ದಾರವನ್ನೂ ಬಿಡದೆ ಎತ್ತಿ ನೋಡಿದ್ದೆವು. ಇಡೀ ಊರಿನ ಭಾರ ಎತ್ತಿದ್ದನ್ನು ಎತ್ತಿ ನೋಡುವ ವಿಚಾರ ಯಾರಿಗೂ ಹೊಳೆದಿರಲಿಲ್ಲ. ನನ್ನ ದುಃಖ ಸುಳ್ಳಲ್ಲ. ಅಲ್ಲೇ ಮಣ್ಣಿನಲ್ಲಿ ಕೂತು, ನಗುತ್ತ ಅಳುತ್ತ, ಶಿವನಿಗೆ ಕೈಮುಗಿದೆ. ಗುಜರಿಯ ಮಾತು ಅಲ್ಲಿಗೇ ನಿಂತಿತು. ಭಾರವಾದದ್ದನ್ನು ಮಾರುವ ಪಾಪಕ್ಕೆ ನಮ್ಮ ಊರಿನಲ್ಲಿ ಯಾರೂ ಕೈಹಾಕುವುದಿಲ್ಲ.

ಆದರೆ ಗಾಡಿ ಕಾಟಾದಿಂದ ಇಳಿಯಲೊಲ್ಲದು. ಮೆಣಸಿನಕಾಯಿ ಸುಗ್ಗಿ ಬಾಗಿಲಲ್ಲಿತ್ತು. ತೂಗಲಾಗದೆ ಚಕ್ಕಡಿಗಳು ರಸ್ತೆಯ ಗುಂಟ ನಿಂತವು. ದಾವಲಸಾಬ್ ಮತ್ತೆ ಬಂದು, ಈಗ ಸಂಗತಿ ತಲೆಗೆ ಹತ್ತಿ, "ಗಾಡಿದೇನೂ ತಪ್ಪಿಲ್ರಿ ಗೌಡ್ರ. ಇದರ ಭಾರ ಇಳೀತಂದ್ರ ಇನ್ನೂ ಭಾಳ ವರ್ಷ ದುಡೀತೈತಿ. ಇಂಥಾ ಎಂಜಿನ್ನ ಈಗ ಮಾಡೂದಿಲ್ಲ" ಎಂದ. ಊರಿನವರಿಗೂ ಅದೇ ಬೇಕಾಗಿತ್ತು. ತಮ್ಮ ತಾಯಿ ತಂದೆಯರನ್ನು ಹೊತ್ತ ಗಾಡಿ ಅದು. ಹೊಸದು ಯಾಕೆ, ಇದೇ ಹಗುರಾಗಲಿ, ಕಾಯೋಣ ಎಂದರು. ಹಗುರಾಗಬೇಕಾದವಳು ನಾನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಗೌಡರ ಹೊರತು.

ಗೌಡರು ಮನೆಗೆ ಬಂದು, ಕಂಬಳಿಯ ತುದಿಯಲ್ಲಿ ಕೂತು, ಬಹಳ ಹೊತ್ತು ಕೆಮ್ಮಿದರು. "ಕಾಶವ್ವಾರ, ತಪ್ಪ ತಿಳೀಬ್ಯಾಡ್ರಿ. ನೀವು ಅಳಬ್ಯಾಡ್ರಿ ಅಂತ ನಾವ್ಯಾರೂ ಅನ್ನೂದಿಲ್ಲ. ಸ್ವಲ್ಪ... ಕಡಿಮಿ."

"ಕಡಿಮಿ ಅಂದ್ರ ಎಷ್ಟರೀ ಗೌಡ್ರ?"

"ಗಾಡಿ ಕಾಟಾ ಇಳಿಯೂವಷ್ಟು" ಎಂದು ಅವರು ತಲೆ ತಗ್ಗಿಸಿದರು.

ಅಂದಿನಿಂದ ನನ್ನ ಮನೆ ಜಾತ್ರೆಯಾಯಿತು. ಭಜನೆಯವರು ಬಂದು ಕರೆದೊಯ್ದರು. ಹಮಾಲರು ಸರದಿಯ ಮೇಲೆ ಬಂದು ನಗೆಚಾಟಿಕೆ ಹೇಳಿದರು. ನೀಲಗಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದಳು. ಲೋಟ ತೋರಿಸಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ವೈನಿ, ಸಿಟ್ಟಿಲ್ಲ ಹೌದಿಲ್ಲೋ? ತಿನ್ರಿ. ತುಪ್ಪಾ ಹಾಕ್ಲಿ? ಅಣ್ಣಗ ಹೋಳಿಗಿ ಅಂದ್ರ ಜೀವ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಆದರೆ ಹೊತ್ತು ಮೀರಿತ್ತು. ಸ್ವಲ್ಪ ಹೊತ್ತಿಗೆ ಸೋಮಲಿಂಗ ಬಾಗಿಲಲ್ಲಿ ಬಂದು ಏದುಸಿರು ಬಿಡುತ್ತ, "ಮುಳ್ಳ ಏರಾಕತ್ತೈತ್ರಿ! ಯಾರ ಏನಂದ್ರಿ ಅಕ್ಕಾರಿಗೆ?" ಎಂದ. ನೀಲಗಂಗಾ ಡಬ್ಬಿ ಬಿಟ್ಟು ಓಡಿದಳು.

ನನ್ನ ಎದೆಯೊಳಗಿನದು ರಸ್ತೆಗೆ ಮುಖ ಮಾಡಿ ಗೋಡೆಯ ಮೇಲೆ ಕೂತಿತ್ತು. ಬೆಳಿಗ್ಗೆ ಎದ್ದವರು ಮೊದಲು ಅದನ್ನು ನೋಡುತ್ತಿದ್ದರು. ಹಾಲು ಮಾರುವವಳು, "ಇವತ್ತ ಒಂದು ಗೆರಿ ಇಳದೀರಿ, ಚಲೋ ಆತು ಬಿಡ್ರಿ" ಎಂದು ಹೊಗಳುತ್ತಿದ್ದಳು. ಮಳೆ ಬಂದ ದಿನ, ಸಂಜೆ ಗಾಳಿಯಲ್ಲಿ ಡೀಸೆಲ್ ವಾಸನೆ ಬಂದ ದಿನ, ಮುಳ್ಳು ಏರುತ್ತಿತ್ತು. ಜನ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಸಿಟ್ಟು ಮಾಡಲು ನನಗೆ ಮನಸ್ಸು ಬರಲಿಲ್ಲ. ಅವರ ಸರಕು ಬಿಸಿಲಿನಲ್ಲಿ ಒಣಗುತ್ತಿತ್ತು. ಪಕ್ಕದಲ್ಲಿ ಶರಣವ್ವನ ನೆಲ ಕುಸಿಯುತ್ತ, ಅಡಿಗೆಮನೆಯ ಬಾಗಿಲ ಚೌಕಟ್ಟು ಓರೆಯಾಗಿತ್ತು. ನನ್ನ ದುಃಖದಿಂದ ಇನ್ನೊಬ್ಬರ ಮನೆ ಬೀಳುವುದು ಶಿವ ಮೆಚ್ಚುವ ಕೆಲಸವೇ ಎಂದು ಯೋಚಿಸಿದೆ.

ಹಾಗಾಗಿ ನಾನೇ ಪ್ರಯತ್ನಪಟ್ಟೆ. ಅವರ ಫೋಟೋ ತೆಗೆದು ಟ್ರಂಕಿನಲ್ಲಿಟ್ಟೆ. ಅವರು ಕೂರುತ್ತಿದ್ದ ಜಾಗದಲ್ಲಿ ಜೋಳದ ಮೂಟೆ ಇಡಿಸಿದೆ. ನೆನಪು ಬಂದಾಗಲೆಲ್ಲ ಪಂಚಾಕ್ಷರಿ ಜಪಿಸುತ್ತಿದ್ದೆ. ದೇವರ ನಾಮವನ್ನು ಬಾಗಿಲು ಮುಚ್ಚುವ ಅಗುಳಿಯ ಹಾಗೆ ಬಳಸಿದೆ. ಮುಳ್ಳು ಇಳಿಯಿತು. ದಿನದಿನಕ್ಕೂ ಇಳಿಯಿತು. ಬೆನ್ನು ನೆಟ್ಟಗಾಯಿತು, ಊಟ ರುಚಿಸಿತು. ಒಂದು ಮಧ್ಯಾಹ್ನ ಗೌಡರ ಮನೆಯಿಂದ ಪೇಡೆಯ ಪೊಟ್ಟಣ ಬಂತು: ಮುಳ್ಳು ಅರ್ಧಕ್ಕಿಂತ ಕೆಳಗೆ ಬಂದಿದೆ, ಇನ್ನು ಕೆಲವೇ ದಿನ.

ಪೇಡೆ ಬಾಯಿಗಿಟ್ಟುಕೊಂಡು ತಟ್ಟೆಯ ಮುಂದೆ ಕೂತಿದ್ದೆ. ಊಟಕ್ಕೆ ಕೂತಾಗ ನಮ್ಮವರು ನನಗೆ ಏನೋ ಒಂದು ಮಾತು ಹೇಳುತ್ತಿದ್ದರಲ್ಲ ಎಂದು ಸುಮ್ಮನೆ ನೆನಪಾಯಿತು. ದಿನಾ ಹೇಳುತ್ತಿದ್ದ ಮಾತು. ಒಂದೇ ಶಬ್ದ. ಹೆಸರು ಹಿಡಿದು ಕರೆಯುವ ರೂಢಿ ಅವರಿಗಿರಲಿಲ್ಲ, ಅದರ ಬದಲಿಗೆ ಇದನ್ನು ಅನ್ನುತ್ತಿದ್ದರು. ಅದು ಬರಲಿಲ್ಲ. ನೀರು ಕುಡಿದೆ, ಕಣ್ಣು ಮುಚ್ಚಿದೆ, ಅಡಿಗೆಮನೆಗೆ ಹೋಗಿ ಬಂದೆ. ಬರಲಿಲ್ಲ. ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವರು ತೀರಿಕೊಂಡ ದಿನ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

ಪೇಡೆಯನ್ನು ಉಗುಳಿ, ಬಾಗಿಲು ಕೂಡ ಹಾಕದೆ ಸೊಸೈಟಿಯ ಅಂಗಳಕ್ಕೆ ಹೋದೆ. ಚಕ್ಕಡಿಯವರು, ಹಮಾಲರು ನೋಡುತ್ತಿದ್ದ ಹಾಗೆಯೇ ಕಾಟಾ ಹತ್ತಿ, ಸೀರೆ ಎತ್ತಿ ಕಟ್ಟಿ, ಗಾಡಿಯ ಸೀಟಿನಲ್ಲಿ ಕೂತೆ. ಸೀಟಿನ ಎಡಭಾಗ ಅವರ ಮೈಗೆ ತಕ್ಕಂತೆ ತಗ್ಗಾಗಿತ್ತು. ಸನ್ನೆಕೋಲಿನ ಗುಂಡು ಅವರ ಅಂಗೈಯಿಂದ ನುಣುಪಾಗಿತ್ತು. ಅದರ ಮೇಲೆ ಕೈಯಿಟ್ಟು ಕೂತೆ. ಜಪ ಮಾಡಲಿಲ್ಲ. ಬಿಸಿಲು ಬೇವಿನ ಮರದ ಹಿಂದಕ್ಕೆ ಹೋಯಿತು. ಆಗ ಬಂತು.

"ಬಂದ್ಯಾ?"

ಅಷ್ಟೇ. ಅಡಿಗೆಮನೆಯಿಂದ ರೊಟ್ಟಿ ಹಿಡಿದು ನಾನು ನಾಲ್ಕು ಹೆಜ್ಜೆ ಬಂದರೆ ಸಾಕು, ಎಲ್ಲೋ ದೂರದ ಊರಿನಿಂದ ಬಂದವಳನ್ನು ಕೇಳುವ ಹಾಗೆ ತಲೆಯೆತ್ತಿ "ಬಂದ್ಯಾ?" ಎನ್ನುತ್ತಿದ್ದರು. ಸಾರು ತರಲು ಹೋಗಿ ಬಂದರೆ ಮತ್ತೆ "ಬಂದ್ಯಾ?" ಮಜ್ಜಿಗೆಗೆ ಹೋಗಿ ಬಂದರೆ ಮತ್ತೆ. ನಾನು ಒಂದು ಸಲವೂ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ.

ಕೆಳಗಿನಿಂದ ಕೂಗು ಎದ್ದಿತು. "ಏರಾಕತ್ತೈತಲ್ರೋ! ಅಯ್ಯೋ, ಅರ್ಧ ದಾಟ್ತು! ಅಕ್ಕಾರ, ಇಳೀರಿ, ಇಳೀರಿ!" ಗೌಡರನ್ನು ಯಾರೋ ಕರೆತಂದರು. ಓಣಿಯ ಹೆಂಗಸರೂ ಬಂದರು. ಶರಣವ್ವ ಹಿಟ್ಟಿನ ಕೈಯಲ್ಲೇ ಬಂದಿದ್ದಳು.

ನಾನು ಸೀಟಿನಿಂದ ಇಳಿಯದೆಯೇ ಹೇಳಿದೆ. "ಗೌಡ್ರ, ಹೊಸಾ ಗಾಡಿ ತರಸ್ರಿ."

"ಇನ್ನ ನಾಲ್ಕ ದಿನಾ ತಡೀರಿ ಕಾಶವ್ವಾರ. ನಿನ್ನೆ ತನಕಾ ಎಷ್ಟು ಚಂದ ಇಳದಿತ್ತು! ಇಂಥಾ ಗಾಡಿ ಮತ್ತ ಸಿಗೂದಿಲ್ಲ. ಇದು ಕೆಟ್ಟಿಲ್ಲರೀ."

"ಕೆಟ್ಟಿಲ್ಲ ಖರೆ. ಆದ್ರ ನೀವೆಲ್ಲಾ ಕೆಲಸಾ ಬಿಟ್ಟು ಈಗ ಎಲ್ಲಿ ನೋಡಾಕತ್ತೀರಿ ಹೇಳ್ರಿ?"

ಎಲ್ಲರೂ ಮುಳ್ಳನ್ನು ನೋಡುತ್ತಿದ್ದರು. ಒಬ್ಬೊಬ್ಬರಾಗಿ ಮುಖ ಕೆಳಗೆ ಹಾಕಿದರು.

"ನಮ್ಮವರು ನನಗ ಹೇಳಿದ್ರು, ಬಾಜೂಕ ನಿಂತಾಂವ ಅಂಜಿ ಮ್ಯಾಲೆ ನೋಡಾಕ ಸುರು ಮಾಡಿದ್ರ ಗಾಡಿ ಬದಲಿ ಮಾಡ್ಬೇಕು ಅಂತ. ನೀವು ನನ್ನ ನೋಡಿ ಅಂಜಾಕತ್ತೀರಿ. ನಾ ಮಳಿ ನೋಡಿದ್ರ ಅಂಜತೀರಿ, ಹೋಳಿಗಿ ತಿಂದ್ರ ಅಂಜತೀರಿ. ನಾನೂ ಅಂಜೀನಿ. ಇವತ್ತ ಅವರ ಒಂದು ಮಾತು ಮರತಿದ್ದೆ. ಇಳಿತೈತೋ ಏನೋ, ಶಿವನ ಮನಸ್ಸಿಗೆ ಬಂದಾಗ ಇಳೀಲಿ. ನಿಮ್ಮ ಸುಗ್ಗಿಗೆ ನಾ ಇಳಸೂದಿಲ್ಲ."

ಗೌಡರು ಸುತ್ತ ನೋಡಿ, "ಹೊಸಾದು ಬರೂತನಕಾ ಈ ತಂಗಿ ಮನಿ ಬೀಳಬೇಕೇನ್ರಿ?" ಎಂದು ಶರಣವ್ವನ ಕಡೆ ಕೈ ತೋರಿಸಿದರು.

ಶರಣವ್ವ ಹಿಟ್ಟಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು. "ನನ್ನ ಹೆಸರ ನಡುವ ತರಬ್ಯಾಡ್ರಿ ಗೌಡ್ರ. ನಮ್ಮತ್ತಿ ನೆಲ ಕುಸದ್ರ ನಾ ಮುಚ್ಚಿಕೋತೀನಿ. ಹಾಳ ಮುದುಕಿ, ದಿನಾ ಬೈತಿದ್ಳು. ಆಕಿ ಚಂಚಿ ಇಷ್ಟು ಭಾರ ಆಗತೈತಿ ಅಂತ ನನಗೇನ ಗೊತ್ತಿತ್ತು? ನಾ ದಿನಾ ಅದರ ಬಾಜೂಕ ಕುಂತು ಕಾಯಿಪಲ್ಲೆ ಹೆಚ್ಚತೀನಿ. ನನಗೇನೂ ಅವಸರಿಲ್ಲ. ಹೊಸಾ ಗಾಡಿ ಬರೂತನಕಾ ಅಂಗಳದಾಗ ರೊಟ್ಟಿ ಬಡೀತೀನಿ. ತರಸ್ರಿ."

ಗೌಡರು ರುಮಾಲು ತೆಗೆದು ತಲೆ ಕೆರೆದು ಮತ್ತೆ ಸುತ್ತಿಕೊಂಡರು. ಅದೇ ಅವರ ಒಪ್ಪಿಗೆ.

ಹೊಸ ಗಾಡಿ ಅರಿಷಿಣದ ಬಣ್ಣದ್ದು. ಬ್ಯಾಟರಿಯದಂತೆ, ಹೊಗೆಯಿಲ್ಲ, ಸದ್ದಿಲ್ಲ. ಹಿಂದಕ್ಕೆ ಬರುವಾಗ ಮಾತ್ರ ಕೋಳಿಮರಿಯ ಹಾಗೆ ಕಿಚಿಕಿಚಿ ಅನ್ನುತ್ತದೆ. ಸಾವಿನ ಮನೆಯಲ್ಲಿ ಅದು ಕೂಗಬಾರದೆಂದು ದಾವಲಸಾಬ್ ಅದರ ಬಾಯಿಗೆ ಬಟ್ಟೆ ಕಟ್ಟಿಕೊಟ್ಟ. ಮೊದಲ ಕೆಲಸ ಹಳೆಯದನ್ನು ಇಳಿಕಟ್ಟೆಗೆ ಸಾಗಿಸುವುದು. ಅದೊಂದರಿಂದ ಆಗಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಉರುಳುಗಂಬಗಳನ್ನು ಇಳಿಸಿದರು, ಎತ್ತುಗಳನ್ನು ಕಟ್ಟಿದರು, ಹಮಾಲರು ಹೆಗಲು ಕೊಟ್ಟರು. ಮುಂಜಾನೆ ಹೊರಟವರು ಮಠದ ಹಿಂದೆ ಮುಟ್ಟುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಸೋಮಲಿಂಗ ಬರಿಗಾಲಿನಲ್ಲಿದ್ದ. ದಾರಿಯುದ್ದಕ್ಕೂ, "ಬರ್ರಿ ಅಣ್ಣಾರ, ಹಗೂರಕ ಬರ್ರಿ" ಎನ್ನುತ್ತಿದ್ದ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗಾಡಿ ಕಾಟಾ ಬಿಟ್ಟ ಗಳಿಗೆಯಲ್ಲಿ ಮುಳ್ಳು ಸೊನ್ನೆಗೆ ಬಿದ್ದಿತಂತೆ. ನಾನು ಹಿಂತಿರುಗಿ ನೋಡಲಿಲ್ಲ. ಮರುದಿನ ಶರಣವ್ವನ ಅತ್ತೆಯ ಚಂಚಿಯೂ ಬಂದು ಗಾಡಿಯ ಪಕ್ಕದಲ್ಲೇ ಕೂತಿತು.

ಈಗ ಹಳೆಯ ಗಾಡಿಯ ತೂಕ ಎಷ್ಟೆಂದು ಊರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಸೋಮವಾರ ಹೋಗಿ, ಕಂಬಕ್ಕೆ ವಿಭೂತಿ ಹಚ್ಚಿ, ಬೇವಿನ ಎಲೆ ಗುಡಿಸಿ, ಸೀಟಿನಲ್ಲಿ ಕೂತು ಜಪ ಮಾಡುತ್ತೇನೆ. ಈಗ ಜಪಕ್ಕೂ ನೆನಪಿಗೂ ಜಗಳವಿಲ್ಲ.

ಹೋದ ಸೋಮವಾರ ನಾನು ಸೀಟಿನಲ್ಲಿದ್ದಾಗ ಶರಣವ್ವ ಬಂದಳು. ನಾನು ಕಣ್ಣು ಮುಚ್ಚಿದ್ದೇನೆಂದು ಅವಳು ತಿಳಿದಿರಬೇಕು. ಚಂಚಿಗೆ ವಿಭೂತಿ ಹಚ್ಚಿ, ವಾಡಿಕೆಯಂತೆ ಎರಡು ಬೆರಳಿನಿಂದ ಅದರ ದಾರ ಹಿಡಿದು ಎಳೆದಳು. ಚಂಚಿ ಎದ್ದು ಬಂತು. ಬಟ್ಟೆಯ ಚಂಚಿ ಹೇಗೆ ಬರಬೇಕೋ ಹಾಗೆ ಸಲೀಸಾಗಿ, ಸುಣ್ಣದ ಡಬ್ಬಿಯ ಸಪ್ಪಳದೊಂದಿಗೆ, ಅವಳ ಕೈಯಲ್ಲಿ ತೂಗಾಡಿತು. ಅವಳು ಬೆಚ್ಚಿ, ಅತ್ತ ಇತ್ತ ನೋಡಿ, ಅದನ್ನು ಇದ್ದ ಜಾಗದಲ್ಲೇ ಇಟ್ಟಳು. ಓರೆಯಾಗಿ ಕೂತದ್ದನ್ನು ಸರಿಮಾಡಿದಳು.

ನಾನು ಕಣ್ಣು ಪೂರ್ತಿ ತೆರೆದಾಗ ಸೆರಗು ಸರಿಪಡಿಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು. "ಇನ್ನೂ ಏಳವಲ್ದು ನೋಡ್ರಿ ಕಾಶಕ್ಕ. ಭಾಳ ಭಾರ ಐತಿ."

"ಇರ್ಲಿ ಬಿಡವ್ವಾ" ಎಂದೆ. "ಬಾ, ಇಲ್ಲೆ ಸ್ವಲ್ಪ ಹೊತ್ತು ಕುಂಡ್ರು."